ಮುಸುರೆ ನೀರು ಬಿಟ್ಟುಹೋದ ಕಥೆ

ಕೆಬೆಕ್ ಪಟ್ಟಣ
20 ಅಕ್ಟೋಬರ್ 1844

ಪ್ರೀತಿಯ ತಂಗಿ ಅಪೊಲಿನ್‌ಗೆ,

ಈ ಕಾಗದದ ಜೊತೆ ಬಂದಿರುವ ಪೊಟ್ಟಣವನ್ನು ಅಪ್ಪನ ಎದುರಿಗೇ ಬಿಚ್ಚು. ಒದ್ದೆಯಾಗಬಾರದು, ಜೋಪಾನ ಎಂದು ದೋಣಿಯವನಿಗೆ ಹೇಳಿದ್ದೇ ಹೇಳಿದೆ. ಅವನಿಗೆ ರೇಗಿಹೋಗಿ, "ಏನಯ್ಯಾ, ಒಳಗೇನು ಹಸುಗೂಸು ಮಲಗಿಸಿದೀಯಾ?" ಎಂದ. ಹೌದು ಎಂದೆ. ಸುಳ್ಳೇನಲ್ಲ. ನನ್ನ ಪುಸ್ತಕ ಅಚ್ಚಾಗಿದೆ, ಅಪೊಲಿನ್! ಹೊದಿಕೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಎಲ್ಜೆಯಾರ್ ಸಾಲ್ವಾಯ್ ಎಂದಿದೆ. ಈ ದೇಶದಲ್ಲಿ ನಮ್ಮ ಭಾಷೆಯವನೊಬ್ಬ ನಮ್ಮ ಜನರ ಮೇಲೆ ಬರೆದ ಕಥೆಯನ್ನು ಪುಸ್ತಕವಾಗಿ ನೋಡಿದವರು ಎಷ್ಟು ಮಂದಿ ಹೇಳು.

ಪಾದ್ರಿಯಾಗಲೆಂದು ಅಪ್ಪ ಸೆಮಿನರಿಗೆ ಕಳಿಸಿದರೆ ನಾನು ಅರ್ಧಕ್ಕೆ ಬಿಟ್ಟುಬಂದೆ. ಆಮೇಲೆ ಪತ್ರಿಕೆಯ ಕಚೇರಿಯಲ್ಲಿ ಕೂತು ಹಡಗು ಬಂದದ್ದು, ಹಡಗು ಹೋದದ್ದು, ಹರಾಜಿನ ಸುದ್ದಿ ಇವನ್ನೇ ಇಂಗ್ಲಿಷಿನಿಂದ ಫ್ರೆಂಚಿಗೆ ತಂದೆ. ಅಷ್ಟೂ ವರ್ಷ ಅಪ್ಪ ಯಾರ ಎದುರೂ ನನ್ನ ಹೆಸರೆತ್ತಲಿಲ್ಲ ಎಂದು ನೀನೇ ಬರೆದಿದ್ದೆ. ಇನ್ನು ಮೇಲೆ ಎತ್ತಬಹುದು. ಏಕೆಂದರೆ ಪುಸ್ತಕದಲ್ಲಿರುವುದು ಅಪ್ಪನದೇ ಕಥೆ. ಚಳಿಗಾಲದಲ್ಲಿ ಒಲೆಯ ಮುಂದೆ ಕೂತು ಹೇಳುತ್ತಿದ್ದರಲ್ಲ, ಮರದ ತೆಪ್ಪಗಳ ಕೆಲಸಕ್ಕೆ ಹೋಗಿ ಏಳು ಈಸ್ಟರ್ ಪ್ರಸಾದ ತಪ್ಪಿಸಿಕೊಂಡದ್ದಕ್ಕೆ, ಹಾಗೆ ತಪ್ಪಿಸಿದವರು ತೋಳವಾಗುತ್ತಾರೆ ಎಂಬ ಊರ ಮಾತಿನಂತೆ, ತಾನು ತೋಳವಾಗಿ ಅಲೆದೆ ಎಂದು? ಅದೇ. ಹೆಸರು ಬದಲಿಸಿದ್ದೇನೆ. ಆದರೆ ಕೊಡಲಿಗೆ ಎರಡು ಬೆರಳು ಕಳೆದುಕೊಂಡ ಆ ಎಡಗೈಯನ್ನು ಬದಲಿಸಲು ಮನಸ್ಸಾಗಲಿಲ್ಲ.

ನೆರೆಹೊರೆಯವರನ್ನೆಲ್ಲ ಕರೆದು ಓದಿ ಹೇಳು. ಅಪ್ಪನ ಮುಖ ಹೇಗಾಯಿತೆಂದು ನನಗೆ ಬರೆ.

ನಿನ್ನ ಅಣ್ಣ,
ಎಲ್ಜೆಯಾರ್


ಸೇಂಟ್-ವಿತಾಲ್ ದ್ವೀಪ
18 ನವೆಂಬರ್ 1844

ಪುಸ್ತಕದ ದೊರೆ ಎಲ್ಜೆಯಾರ್ ಅವರಿಗೆ,

ಇನ್ನು ನಿನ್ನನ್ನು ಅಣ್ಣ ಎನ್ನಲು ಭಯ. ಅಪ್ಪ ಪುಸ್ತಕವನ್ನು ಕೈಗೆತ್ತಿಕೊಂಡು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. "ಇದರಲ್ಲಿ ನಾನೆಲ್ಲಿದೀನಿ?" ಎಂದರು. ಪುಟ ತೋರಿಸಿದೆ. ಆ ಪುಟದ ಮೇಲೆ ಅಂಗೈ ಇಟ್ಟುಕೊಂಡೇ ಬಟಾಣಿ ಸಾರು ಕುಡಿದರು. ಒಂದು ತೊಟ್ಟು ಬಿದ್ದ ಕಲೆ ಇದೆ, ಕ್ಷಮಿಸು.

ಭಾನುವಾರ ಎಲ್ಲರನ್ನೂ ಕರೆದೆ. ಇಲೇರ್ ಲಾಮಿ ಬಾಗಿಲಲ್ಲೇ ಶುರುಮಾಡಿದ. "ಏನ್ ಆನ್ಸೆಲ್ಮ್ ಮಾವ, ನಿಮ್ಮ ಬೊಗಳೆಗೆ ಈಗ ಪಟ್ಟಣದಲ್ಲೂ ಗಿರಾಕಿ ಸಿಕ್ಕಿದ್ರಾ?" ಅಪ್ಪ, "ನಿನ್ನ ಬೊಗಳೆಗೆ ನಿನ್ನ ಹೆಂಡ್ತೀನೇ ಗಿರಾಕಿ ಅಲ್ವಲ್ಲೋ" ಎಂದರು. ನಕ್ಕಿದ್ದೇ ನಕ್ಕಿದ್ದು.

ನಾನು ಓದಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಯಾರೂ ಕೆಮ್ಮಲಿಲ್ಲ, ಪೈಪು ತುಂಬಿಕೊಳ್ಳಲು ಸಹ ಏಳಲಿಲ್ಲ. ಮುಗಿದ ಮೇಲೆ ಇಲೇರ್ ಪುಸ್ತಕ ಇಸಿದುಕೊಂಡು ಪುಟದ ಮೇಲೆ ಹೆಬ್ಬೆರಳು ಆಡಿಸಿದ. "ಇದು ಅಚ್ಚಾಗಿರೋದು ತಾನೆ?" ಎಂದ. ಹೌದು ಎಂದೆ. ಮುದುಕಿ ಉರ್ಸುಲ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೊರಟರು. ನಾನು ಮಾಡಿದ್ದ ಮಾಂಸದ ಕಡುಬು ಹಾಗೇ ಉಳಿಯಿತು.

ಒಂದು ಮಾತು ಕೇಳಬೇಕು. ಅಪ್ಪನ ಕಥೆಯಲ್ಲಿ ಕೊನೆಗೆ ತೋಳ ನಮ್ಮ ಬಾಗಿಲು ಪರಚುತ್ತದೆ, ಅಮ್ಮ ಬಾಗಿಲು ತೆಗೆದು ಮುಸುರೆ ನೀರು ಎರಚುತ್ತಾಳೆ, "ತೋಳ ಹೋಯ್ತು, ಗಂಡ ಬಂದ, ಬಂದೋನು ಮೊದಲು ಕೇಳಿದ್ದು ಊಟ" ಎಂದು ಮುಗಿಯುತ್ತದೆ. ಎಲ್ಲರೂ ಕಾಯುವುದೇ ಅದಕ್ಕೆ. ನೀನು ಅದನ್ನೇಕೆ ತೆಗೆದೆ? ಎಲ್ಲರೂ ಹೋದ ಮೇಲೆ ಅಪ್ಪನೂ ಅದನ್ನೇ ಕೇಳಿದರು. "ನೀರೆಲ್ಲಿ ಹೋಯ್ತು?" ಎಂದರು. ಮರೆತಿರಬೇಕು ಎಂದು ನಿನ್ನ ಪರವಾಗಿ ಹೇಳಿದ್ದೇನೆ.

ಅಪೊಲಿನ್


ಕೆಬೆಕ್
28 ಡಿಸೆಂಬರ್ 1844

ಪ್ರೀತಿಯ ಅಪೊಲಿನ್,

ಉಸಿರು ಬಿಗಿಹಿಡಿದು ಕೇಳಿದರು! ನಿನ್ನ ಆ ಸಾಲನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ಇಲ್ಲಿನ ಪಂಡಿತರು ಏನಾದರೂ ಅನ್ನಲಿ, ಕೆಮ್ಮಲೂ ಮರೆತು ಕೂತ ಆ ಜನರೇ ನನ್ನ ಓದುಗರು. ಮುದುಕಿ ಉರ್ಸುಲ್ ಶಿಲುಬೆಯ ಗುರುತು ಹಾಕಿಕೊಂಡಳೆಂದರೆ ಅದಕ್ಕಿಂತ ದೊಡ್ಡ ವಿಮರ್ಶೆ ಯಾವುದಿದೆ?

ಮುಸುರೆ ನೀರನ್ನು ಮರೆತಿಲ್ಲ, ಬೇಕೆಂದೇ ಬಿಟ್ಟೆ. ಪಟ್ಟಣದವರು ನಮ್ಮನ್ನು ನೋಡಿ ನಗುವುದು ಈಗಾಗಲೇ ಸಾಕಷ್ಟಿದೆ. ನಮ್ಮ ಜನರಿಗೂ ದೊಡ್ಡ ದುಃಖ, ದೊಡ್ಡ ಪಾಪ ಇರಬಲ್ಲದೆಂದು ಅವರಿಗೆ ತೋರಿಸಬೇಕಿತ್ತು. ಅದಕ್ಕೇ ನನ್ನ ತೋಳ ಕೊನೆಗೂ ಮನುಷ್ಯನಾಗುವುದಿಲ್ಲ. ಅಪ್ಪನಿಗೆ ಇದನ್ನು ತಿಳಿಯುವ ಹಾಗೆ ಹೇಳು.

ಪುಸ್ತಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಎರಡನೆಯದನ್ನು ಶುರುಮಾಡಿದ್ದೇನೆ.

ಹೊಸ ವರ್ಷದ ಬೆಳಗ್ಗೆ ಮನೆಯ ಹಿರಿಮಗ ಮಂಡಿಯೂರಿ ಅಪ್ಪನ ಆಶೀರ್ವಾದ ಕೇಳಬೇಕು. ಈ ಸಲವೂ ನಾನಿಲ್ಲ. ನನ್ನ ಬದಲು ನೀನು ಕೇಳು. ಅವರು ಕೈಯೆತ್ತುವಾಗ ನನ್ನ ಹೆಸರು ಹೇಳಲಿ.

ಎಲ್ಜೆಯಾರ್


ಸೇಂಟ್-ವಿತಾಲ್
12 ಜನವರಿ 1845

ಅಣ್ಣಾ,

ಕೇಳಿದೆ. ಕೈಯೆತ್ತಿದರು. ನಿನ್ನ ಹೆಸರು ಹೇಳಿದರು.

ಹಬ್ಬಕ್ಕೆ ಈ ವರ್ಷ ಹೆಚ್ಚು ಜನ ಬರಲಿಲ್ಲ. ಚಳಿ ಜೋರು. ಹೊಳೆ ಚೆನ್ನಾಗಿ ಹೆಪ್ಪುಗಟ್ಟಿದೆ, ಅದರ ಮೇಲೆ ಜಾರುಬಂಡಿ ಓಡುವ ದಾರಿಯಲ್ಲಿ ತಮ್ಮ ಪಾಲಿನಷ್ಟಕ್ಕೆ ಗುರುತಿನ ಕೊಂಬೆ ನೆಡಲು ಅಪ್ಪ ಹೋಗುತ್ತಾರೆ. ಮನೆಯಲ್ಲಿ ಎಲ್ಲ ಕ್ಷೇಮ.

ಆದರೆ ಎರಡನೆಯ ಪುಸ್ತಕದಲ್ಲಿ ನಮ್ಮೂರು ಬೇಡ.

ಅಪೊಲಿನ್


ಸೇಂಟ್-ವಿತಾಲ್
9 ಫೆಬ್ರವರಿ 1845

ಅಣ್ಣಾ,

ಕೂತುಕೊಂಡು ಓದು. ಅಪ್ಪ ಹೋಗಿಬಿಟ್ಟರು.

ಹೊಳೆಯ ಮಂಜುಗಡ್ಡೆಯ ಮೇಲೆ ದಾರಿಗುರುತಿಗೆಂದು ಸ್ಪ್ರೂಸ್ ಮರದ ಕೊಂಬೆ ನೆಡಲು ಒಬ್ಬರೇ ಹೋಗಿದ್ದರು. ನೀರಿನ ಸೆಳೆತದ ಕಡೆ ಗಡ್ಡೆ ತೆಳುವಾಗಿತ್ತು. ಸೊಂಟದವರೆಗೆ ಇಳಿದುಹೋದರು. ಹೇಗೋ ಮೇಲೆ ಬಂದು ಮನೆಯ ತನಕ ನಡೆದರು. ಎದೆಗೆ ಚಳಿ ಹೊಕ್ಕಿತ್ತು, ಆಮೇಲೆ ಏಳಲಿಲ್ಲ. ಪಾದ್ರಿಗಳು ಬರುವಷ್ಟರಲ್ಲಿ ಮಾತು ನಿಂತಿತ್ತು.

ನೆಲ ಕಲ್ಲಾಗಿದೆ, ಗುದ್ದಲಿ ಇಳಿಯುವುದಿಲ್ಲ. ಚಳಿಗಾಲದಲ್ಲಿ ಸತ್ತವರನ್ನೆಲ್ಲ ಇಡುವ ಹಾಗೆ ಅಪ್ಪನನ್ನೂ ಇಗರ್ಜಿಯ ಹಿಂದಿನ ಹೆಣದ ಕೋಣೆಯಲ್ಲಿ ಇಟ್ಟಿದ್ದಾರೆ. ಮೇ ತಿಂಗಳಲ್ಲಿ ಮಣ್ಣು ಮಾಡಬೇಕು. ಅಮ್ಮನ ಪಕ್ಕ ಜಾಗ ಇದೆ.

ಆದರೆ ಒಂದು ತೊಡಕು ಬಂದಿದೆ. ದೊಡ್ಡದೇನಲ್ಲ, ನೀನು ಗಾಬರಿಯಾಗಬೇಡ. ಅಪ್ಪ ಈಸ್ಟರ್ ತಪ್ಪಿಸಿದ್ದರೆಂದು ಕೆಲವರು ಮಾತಾಡುತ್ತಿದ್ದಾರೆ. ನಿನ್ನ ಪುಸ್ತಕದಲ್ಲಿರುವುದು ಬರೀ ಕಥೆ, ನಡೆದದ್ದಲ್ಲ ಎಂದು ನೀನೇ ಎರಡು ಸಾಲು ಬರೆದು ಕಳಿಸಿದರೆ ಪಾದ್ರಿಗಳು ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ಓದಿಸುತ್ತಾರಂತೆ. ಬೇಗ ಕಳಿಸು.

ಅಪೊಲಿನ್


ಕೆಬೆಕ್
24 ಫೆಬ್ರವರಿ 1845

ಅಪೊಲಿನ್,

ನಿನ್ನ ಕಾಗದ ಓದಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಂದರಿನ ಕಡೆ ನಡೆದುಬಿಟ್ಟೆ. ಹಿಮದಲ್ಲಿ ಸಿಕ್ಕಿಕೊಂಡ ಹಡಗುಗಳನ್ನು ನೋಡುತ್ತ ನಿಂತು ಅತ್ತೆ. ಅಪ್ಪ ನನಗೆ ಹೇಳಿಕೊಟ್ಟದ್ದು ಕಥೆ ಒಂದನ್ನೇ. ನೇಗಿಲು ಹಿಡಿಯಲು ನನಗೆ ಬರಲಿಲ್ಲ, ಅವರು ಬೈಯಲೂ ಇಲ್ಲ.

ಪಾದ್ರಿಗಳ ವಿಷಯ ಅರ್ಥವಾಯಿತು. ನಾನು ಸೆಮಿನರಿ ಬಿಟ್ಟದ್ದು ಅವರಿಗೆ ಇನ್ನೂ ಚುಚ್ಚುತ್ತಿದೆ. ಸತ್ತ ಅಪ್ಪನನ್ನು ಮುಂದಿಟ್ಟುಕೊಂಡು ನನ್ನ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಬೇಕೆಂದಿದ್ದಾರೆ. ಸಾಹಿತ್ಯವೆಂದರೆ ಏನೆಂದು ಅವರಿಗೂ ತಿಳಿಯಲಿ. ಇದರ ಜೊತೆಗಿರುವ ಬರಹವನ್ನು ಅವರು ಮೆಟ್ಟಿಲ ಮೇಲೆ ಧಾರಾಳವಾಗಿ ಓದಿಸಲಿ. ಕಥೆ ಎನ್ನುವುದು ಸುಳ್ಳಲ್ಲ, ನಡೆದ ಸಂಗತಿಗಿಂತ ಆಳವಾದ ನಿಜ ಅದರಲ್ಲಿರುತ್ತದೆ ಎಂದು ಸರಳವಾಗಿ ಬರೆದಿದ್ದೇನೆ. ನಮ್ಮ ಜನಕ್ಕೆ ಅದು ತಿಳಿಯುತ್ತದೆ, ಅಪ್ಪನ ಕಥೆ ಕೇಳಿ ಬೆಳೆದವರು ಅವರು.

ಎಲ್ಜೆಯಾರ್


ಸೇಂಟ್-ವಿತಾಲ್
ಗರಿಗಳ ಭಾನುವಾರ, 16 ಮಾರ್ಚ್ 1845

ಎಲ್ಜೆಯಾರ್,

ನಿನ್ನ ಬರಹವನ್ನು ಇವತ್ತು ಓದಿದರು. ಜನ ಕೈಯಲ್ಲಿ ಹಬ್ಬದ ಹಸಿರು ಕೊಂಬೆ ಹಿಡಿದುಕೊಂಡು ಕೇಳಿದರು. ಇಲೇರ್ ಲಾಮಿ ಗಟ್ಟಿಯಾಗಿ ಹೇಳಿದ. "ಕೇಳಿದ್ರೇನ್ರಯ್ಯಾ? ಸುಳ್ಳಲ್ಲ ಅಂತ ಮಗನೇ ಬರ್ದಿದಾನೆ. ನಡೆದದ್ದಕ್ಕಿಂತ ಜಾಸ್ತಿ ನಿಜ ಅಂತೆ! ಇನ್ನೇನ್ ಬೇಕು?"

ನಿನಗೆ ನೋವಾದೀತೆಂದು ಇಷ್ಟು ದಿನ ಮುಚ್ಚಿಟ್ಟೆ. ಇನ್ನು ನನ್ನಿಂದಾಗದು.

ಅವತ್ತು ಉಸಿರು ಬಿಗಿಹಿಡಿದದ್ದು ಮೆಚ್ಚಿಗೆಗಲ್ಲ, ಹೆದರಿಕೆಗೆ. ಈ ದ್ವೀಪದವರು ಅಚ್ಚಿನಲ್ಲಿ ಏನೇನು ನೋಡಿದ್ದಾರೆ ಹೇಳು. ಧರ್ಮದ ಪಾಠ, ಪಂಚಾಂಗ, ಗವರ್ನರರ ಅಪ್ಪಣೆ. ಅಚ್ಚಿನಲ್ಲಿ ಯಾರಾದರೂ ಸುಳ್ಳು ಹೇಳಬಹುದೆಂದು ಇವರಿಗೆ ಗೊತ್ತೇ ಇಲ್ಲ. ಅದೇ ಕಥೆಗೆ ಇಪ್ಪತ್ತು ವರ್ಷ ಬಿದ್ದು ಬಿದ್ದು ನಕ್ಕ ಜನ, ಅದೇ ಅಪ್ಪನನ್ನು ಮಾರನೆಯ ದಿನದಿಂದ ಬೇರೆ ಕಣ್ಣಿನಿಂದ ನೋಡಿದರು. ನಮ್ಮನೆ ರೊಟ್ಟಿ ಬೇಡವಾಯಿತು. ಮಕ್ಕಳು ಅಪ್ಪನ ಎಡಗೈ ಕಂಡರೆ ಓಡುತ್ತಿದ್ದರು. ಹೊಸ ವರ್ಷಕ್ಕೆ ಒಬ್ಬರೂ ಬರಲಿಲ್ಲ. ಅಪ್ಪ ಕೋಟು ತೊಟ್ಟು ಬಾಗಿಲ ಎದುರೇ ಕೂತಿದ್ದರು.

ದಾರಿಗುರುತು ನೆಡಲು ಯಾವತ್ತಾದರೂ ಯಾರಾದರೂ ಒಬ್ಬರೇ ಹೋಗಿದ್ದಾರಾ? ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಬ್ಬರಾಗಿ ಹೋಗುವುದು ನಿನಗೂ ಗೊತ್ತು. ಹಗ್ಗದ ಇನ್ನೊಂದು ತುದಿ ಹಿಡಿಯಲು ಯಾರೂ ಬರಲಿಲ್ಲ. ಇಲೇರ್ ಮನೆಗೆ ಹೋಗಿ ಕರೆದರು. "ಸೊಂಟ ಹಿಡ್ಕೊಂಡಿದೆ ಮಾವ" ಎಂದ. ಅಪ್ಪ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೋದರು. ಎರಡು ದಿನ ಜ್ವರದಲ್ಲಿ ಮುಸುರೆ ನೀರು, ಮುಸುರೆ ನೀರು ಎನ್ನುತ್ತಿದ್ದರು. ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡ ಉರ್ಸುಲ್‌ಗೆ, ಕುಡಿಯಲು ನೀರು ಕೇಳುತ್ತಿದ್ದಾರೆಂದು ಹೇಳಿದೆ.

ತೆಪ್ಪದ ಕೆಲಸದಲ್ಲಿ ಅಪ್ಪ ಈಸ್ಟರ್‌ಗಳನ್ನು ತಪ್ಪಿಸಿದ್ದು ನಿಜ. ನಮ್ಮೂರಿನ ಅರ್ಧ ಗಂಡಸರು ತಪ್ಪಿಸಿದ್ದಾರೆ. ಇಲೇರ್ ತಪ್ಪಿಸಿಲ್ಲವಾ? ಆದರೆ ಅವನನ್ನು ಯಾರೂ ಅಚ್ಚು ಹಾಕಿಸಿಲ್ಲ. ತೋಳವಾಗಿದ್ದವನನ್ನು ನಮ್ಮ ಹೆತ್ತವರ ಮಧ್ಯೆ ಮಲಗಿಸಬಾರದು, ಬೇಲಿಯಾಚೆ ಸ್ನಾನದೀಕ್ಷೆ ಇಲ್ಲದೆ ಸತ್ತ ಕೂಸುಗಳ ಜಾಗಕ್ಕೆ ಹಾಕಿ ಎಂದು ಇಗರ್ಜಿಯ ಹಿರಿಯರು ಪಟ್ಟು ಹಿಡಿದಿದ್ದಾರೆ. ಪಾದ್ರಿಗಳು ಕೆಟ್ಟವರಲ್ಲ, ಪುಕ್ಕಲು. "ನಾನೇನ್ ಮಾಡ್ಲಮ್ಮಾ, ಅಚ್ಚಾಗಿ ಬಂದಿದ್ದನ್ನ ಅಚ್ಚೇ ಅಳಿಸ್ಬೇಕು. ಕೈಬರಹಕ್ಕೆ ಇವರು ಬಗ್ಗಲ್ಲ" ಎಂದರು.

ಅಚ್ಚು ಹಾಕಿಸಿ ಕಳಿಸು. ನಾನು ಸುಳ್ಳ, ನನ್ನ ಪುಸ್ತಕ ಸುಳ್ಳು ಎಂದು ದಪ್ಪ ಅಕ್ಷರದಲ್ಲಿ ಹಾಕಿಸು. ಆಳವಾದ ನಿಜ ಗಿಜ ಎಲ್ಲ ಬೇಡ. ನೆಲ ಕರಗುವ ಮೊದಲು ಬರಬೇಕು. ಗಡ್ಡೆ ಒಡೆದರೆ ಹೊಳೆಯಲ್ಲಿ ಜಾರುಬಂಡಿಯೂ ಇಲ್ಲ, ದೋಣಿಯೂ ಇಲ್ಲ.

ಅಪ್ಪ ಅಮ್ಮನ ಪಕ್ಕ ಮಲಗಬೇಕು. ನನಗೆ ಇನ್ನೇನೂ ಬೇಡ.

ಅಪೊಲಿನ್


ಕೆಬೆಕ್
2 ಏಪ್ರಿಲ್ 1845

ಅಪೊಲಿನ್,

ಇದರೊಂದಿಗೆ ಅಚ್ಚಾದ ಹಾಳೆ ಇದೆ. ಅಕ್ಷರಗಳನ್ನು ನಾನೇ ಜೋಡಿಸಿದೆ, ಬೇರೆಯವರ ಕೈಗೆ ಕೊಡಲಾಗಲಿಲ್ಲ. ಪತ್ರಿಕೆಯಲ್ಲೂ ಹಾಕಿಸಿದ್ದೇನೆ, ಯಾರೂ ಅನುಮಾನ ಪಡದಿರಲೆಂದು. "ಕೆಳಗೆ ಹೆಸರು ಹಾಕಿರುವ ನಾನು ಬರೆದ ಪುಸ್ತಕ ಮೊದಲಿಂದ ಕೊನೆಯವರೆಗೆ ಸುಳ್ಳು. ಆನ್ಸೆಲ್ಮ್ ಸಾಲ್ವಾಯ್ ಒಳ್ಳೆಯ ಕ್ರೈಸ್ತ, ಒಳ್ಳೆಯ ಮನುಷ್ಯ. ನಾನು ಸುಳ್ಳುಗಾರ." ಇಷ್ಟೇ.

ಟಪಾಲಿನವನು ಹೊಳೆಯ ಗಡ್ಡೆ ಬಿರಿಯುವ ಸದ್ದು ಮಾಡುತ್ತಿದೆ ಎನ್ನುತ್ತಾನೆ. ಬೇಡಿಕೊಂಡಿದ್ದೇನೆ.

ಹಗ್ಗದ ಮಾತು ಕಿವಿಯಿಂದ ಹೋಗುತ್ತಿಲ್ಲ.

ಎ.


ಸೇಂಟ್-ವಿತಾಲ್
25 ಮೇ 1845

ಪ್ರೀತಿಯ ಅಣ್ಣಾ,

ನಿನ್ನ ಹಾಳೆ ಬಂತು. ಗಡ್ಡೆ ಒಡೆದಿದ್ದರಿಂದ ಅದು ಆಚೆ ದಡದಲ್ಲಿ ಕೆಲವು ದಿನ ಕೂತಿತ್ತು, ಮೊದಲ ದೋಣಿಯಲ್ಲೇ ಬಂತು. ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಓದಿದರು, ಇಗರ್ಜಿಯ ಬಾಗಿಲಿಗೂ ಅಂಟಿಸಿದ್ದಾರೆ. ಓದಲು ಬಾರದವರೂ ಬಂದು ಬೆರಳಿಟ್ಟು ನೋಡುತ್ತಾರೆ.

ಅಪ್ಪನನ್ನು ಅಮ್ಮನ ಬಲಗಡೆ ಮಲಗಿಸಿದೆವು. ಅವತ್ತು ಬಿಸಿಲಿತ್ತು. ಸೇಬಿನ ಮರ ಆಗಷ್ಟೇ ಮೊಗ್ಗು ಬಿಟ್ಟಿತ್ತು. ಊರಿಗೆ ಊರೇ ಬಂದಿತ್ತು. ಇಲೇರ್ ತಾನಾಗಿ ಮುಂದೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟ. ಹಗ್ಗದಲ್ಲಿ ಇಳಿಸುವಾಗ ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ. "ಈಗಲಾದ್ರೂ ಹಗ್ಗ ಹಿಡಿದೆ ಮಾವ" ಎಂದ. ಉರ್ಸುಲ್ ತಪ್ಪಾಯಿತೆಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಎಲ್ಲರೂ ನಮ್ಮ ಮನೆಗೆ ಬಂದು ಊಟ ಮಾಡಿದರು. ಯಾರೋ ಅಪ್ಪನ ಕಥೆ ಎತ್ತಿದರು, ಮುಸುರೆ ನೀರಿನ ಜಾಗಕ್ಕೆ ಬರುವಷ್ಟರಲ್ಲಿ ಎಲ್ಲರೂ ಅಳುತ್ತ ನಗುತ್ತಿದ್ದರು.

ಇನ್ನು ನೀನು ನೆಮ್ಮದಿಯಿಂದಿರು. ನಿನ್ನ ಎರಡನೆಯ ಪುಸ್ತಕ ಬರೆ.

ಅಪೊಲಿನ್


ಕೆಬೆಕ್
30 ಆಗಸ್ಟ್ 1845

ಪ್ರೀತಿಯ ಅಪೊಲಿನ್,

ನಿನ್ನ ಕಾಗದ ಜೇಬಿನಲ್ಲೇ ಇದೆ, ಮಡಿಕೆಗಳಲ್ಲಿ ಹರಿಯುತ್ತಿದೆ. ಇಲೇರ್ ಹಗ್ಗ ಹಿಡಿದ ಭಾಗವನ್ನು ದಿನಾ ಓದುತ್ತೇನೆ. ಆದದ್ದೆಲ್ಲ ಆಗಲಿ, ಅಪ್ಪ ಅಮ್ಮನ ಪಕ್ಕ ಸೇರಿದರಲ್ಲ, ಅದೊಂದರಿಂದ ಬೆಳಗಾದರೆ ಎದ್ದು ಕೂರುತ್ತೇನೆ.

ನವೆಂಬರಿನ ಸತ್ತವರ ಹಬ್ಬಕ್ಕೆ ಊರಿಗೆ ಬರುತ್ತೇನೆ. ಆ ಮಣ್ಣಿನ ಮೇಲೆ ಮಂಡಿಯೂರಿ, ತಪ್ಪಿಹೋದ ಹೊಸ ವರ್ಷಗಳ ಆಶೀರ್ವಾದವನ್ನೆಲ್ಲ ಒಟ್ಟಿಗೆ ಕೇಳಬೇಕು.

ಎಲ್ಜೆಯಾರ್


ಸೇಂಟ್-ವಿತಾಲ್
20 ಸೆಪ್ಟೆಂಬರ್ 1845

ಅಣ್ಣಾ,

ಈ ವರ್ಷ ಬೇಡ. ನವೆಂಬರಿನಲ್ಲಿ ಹೊಳೆ ದಾಟುವುದು ಅಪಾಯ. ಮನೆಯ ಮಾಡೂ ಸೋರುತ್ತಿದೆ, ನಿನ್ನನ್ನು ಎಲ್ಲಿ ಮಲಗಿಸಲಿ? ಅಲ್ಲದೆ ಜನ ಈಗಷ್ಟೇ ಎಲ್ಲ ಮರೆಯುತ್ತಿದ್ದಾರೆ, ನಿನ್ನ ಮುಖ ಕಂಡರೆ ಮತ್ತೆ ನೆನಪಾಗುತ್ತದೆ. ಅಪ್ಪನಿಗೆ ನಿನ್ನ ಪ್ರಾರ್ಥನೆ ಅಲ್ಲಿಂದಲೂ ಮುಟ್ಟುತ್ತದೆ. ಮುಂದಿನ ವರ್ಷ ನೋಡೋಣ.

ಬರಲೇಬೇಡ ಎಂದಲ್ಲ. ಬರಬೇಡ.

ಅಪೊಲಿನ್


ಕೆಬೆಕ್
9 ನವೆಂಬರ್ 1845

ಅಪೊಲಿನ್,

ನೀನು ಬೇಡವೆಂದರೂ ನಾನು ಬಂದೆ, ಬಾಗಿಲಲ್ಲಿ ನನ್ನನ್ನು ಕಂಡು ನಿನ್ನ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ನೀನು ಬಿಸಿ ಸಾರು ಬಡಿಸಿದೆ, ಹಾಸಿಗೆ ಹಾಸಿದೆ. ಮಾಡು ಎಲ್ಲೂ ಸೋರುತ್ತಿರಲಿಲ್ಲ. ಬೆಳಗ್ಗೆ ನನ್ನ ಕೈ ಹಿಡಿದು ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಅಮ್ಮನ ಬಲಗಡೆ ಹೊಸ ಮರದ ಶಿಲುಬೆ ಇತ್ತು, ಅಪ್ಪನ ಹೆಸರಿತ್ತು. ನಾನು ಮಂಡಿಯೂರಿದೆ. ನೀನು ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದೆ.

ಅಪೊಲಿನ್, ನಾನು ನೇಗಿಲು ಹಿಡಿಯಲಾರದವನಾದರೂ ರೈತನ ಮಗ. ಆ ಶಿಲುಬೆಯ ಕೆಳಗಿನ ನೆಲವನ್ನು ಯಾರೂ ಯಾವತ್ತೂ ಅಗೆದಿಲ್ಲ. ಹಳೆಯ ಹುಲ್ಲು, ಬೇರಿಗೆ ಬೇರು ಹೆಣೆದುಕೊಂಡ ಗಟ್ಟಿ ಹುಲ್ಲು. ನಾನು ಅಂಗೈ ಇಟ್ಟ ತಕ್ಷಣ ತಿಳಿಯಿತು. ಆದರೂ ಎದ್ದೇಳಲಿಲ್ಲ. ನೀನು ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ನಿನ್ನ ಎದುರಿಗೇ ಹೇಗೆ ಕೆಡವಲಿ?

ಮಧ್ಯಾಹ್ನ ಇಲೇರ್ ಸಿಕ್ಕ. ನಾನು ಕೇಳದಿದ್ದರೂ ಅವನೇ ಹೇಳಿದ. "ನಿನ್ನ ಹಾಳೆ ಬರೋಕೆ ನಾಲ್ಕು ದಿನ ಮುಂಚೆ ಬೇಲಿಯಾಚೆ ಹಾಕ್ಬಿಟ್ರು ಕಣಪ್ಪಾ. ನೆಲ ಬೇಗ ಕರಗ್ತು. ಆಮೇಲೆ ತೆಗೆಯೋಕೆ ಬಿಷಪ್ರ ಅಪ್ಪಣೆ ಬೇಕು ಅಂದ್ರು ಪಾದ್ರಿಗಳು. ಬಿಷಪ್ರು ಬೇಡ ಅಂದ್ರಂತೆ. ಅಪೊಲಿನ್ ಮೂರು ಸಲ ಹೋಗಿ ಕಾಲಿಗೆ ಬಿದ್ದು ಬಂದ್ಲು. ಆ ಶಿಲುಬೆ ಇದ್ಯಲ್ಲ, ಅದನ್ನ ಹೋದ ತಿಂಗಳು ನಾನೇ ಕೆತ್ತಿಕೊಟ್ಟೆ. ನೀನು ಬಂದ್ರೆ ಬೇಕಾಗುತ್ತೆ ಅಂದ್ಲು." ಹೊರಟವನು ತಿರುಗಿ, "ಅವತ್ತು ನನ್ನ ಸೊಂಟಕ್ಕೆ ಏನೂ ಆಗಿರ್ಲಿಲ್ಲ" ಎಂದ. ಅವನು ಪೆಟ್ಟಿಗೆಗೆ ಹೆಗಲು ಕೊಟ್ಟಿರಲಿಲ್ಲ ಎಂದು ಆಗ ತಿಳಿಯಿತು.

ನಾನೂ ನಿನಗೆ ಸುಳ್ಳು ಹೇಳಿದ್ದೆ. ಪುಸ್ತಕ ಯಾರ ಬಾಯಲ್ಲೂ ಇರಲಿಲ್ಲ. ರೈತರ ಮೂಢನಂಬಿಕೆ ಎಂದು ಒಬ್ಬರು ನಾಲ್ಕು ಸಾಲು ಬರೆದರು, ಉಳಿದವರು ಅಷ್ಟನ್ನೂ ಬರೆಯಲಿಲ್ಲ. ಇಡೀ ದೇಶದಲ್ಲಿ ನನ್ನನ್ನು ಅಕ್ಷರ ಅಕ್ಷರ ನಂಬಿದವರು ನಮ್ಮೂರಿನವರು ಮಾತ್ರ. ಆ ಹಾಳೆ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಕಚೇರಿಯವರು, ಸುಳ್ಳುಗಾರನೆಂದು ತಾನೇ ಸಾರಿಕೊಂಡವನ ಕೈಗೆ ಸುದ್ದಿ ಕೊಡುವುದು ಹೇಗೆ ಎಂದು ಕೆಲಸದಿಂದ ಕಳಿಸಿಬಿಟ್ಟರು. ಎರಡನೆಯ ಪುಸ್ತಕದ ಹಾಳೆಗಳಿಂದ ಒಲೆ ಹೊತ್ತಿಸಿದೆ. ಗಡಿಯಾಚೆ ಇಟ್ಟಿಗೆ ಸುಡುವಲ್ಲಿ ಕೆಲಸವಿದೆಯಂತೆ, ಮುಂದಿನ ವಾರ ಹೊರಡುತ್ತೇನೆ. ಅಲ್ಲಿ ಯಾರಿಗೂ ನಮ್ಮ ಭಾಷೆ ಬರುವುದಿಲ್ಲ. ಒಳ್ಳೆಯದಾಯಿತು. ಇನ್ನು ಬರೆಯುವುದಿಲ್ಲ.

ನಿನ್ನ ಮೇ ತಿಂಗಳ ಕಾಗದವನ್ನು ಮಾತ್ರ ಒಯ್ಯುತ್ತೇನೆ. ಬಿಸಿಲು, ಸೇಬಿನ ಮೊಗ್ಗು, ಅಂಗೈಗೆ ಸುತ್ತಿದ ಹಗ್ಗ. ನನ್ನ ಇಡೀ ಪುಸ್ತಕದಲ್ಲಿ ಅಂಥ ಒಂದು ಪುಟವಿಲ್ಲ. ನೀನು ನಗುವನ್ನೂ ಬಿಡಲಿಲ್ಲ.

ಹೊರಡುವ ಮೊದಲು, ದೋಣಿಗೆ ಇನ್ನೂ ಹೊತ್ತಿದೆ ಎಂದು ನಿನಗೆ ಹೇಳಿ ಹೋದೆನಲ್ಲ, ಬೇಲಿಯಾಚೆಗೆ ಹೋಗಿದ್ದೆ. ಅಲ್ಲಿ ಗುರುತೇನೂ ಇಲ್ಲ, ಆದರೆ ಹುಲ್ಲು ಇನ್ನೂ ಕೂಡದ ಒಂದು ಉದ್ದದ ತುಂಡು ನೆಲವಿದೆ. ಸುತ್ತ ಕೂಸುಗಳ ಪುಟ್ಟ ಪುಟ್ಟ ದಿಬ್ಬಗಳು. ಆಶೀರ್ವಾದ ಕೇಳಲು ಬಾಯಿ ಬರಲಿಲ್ಲ. ಕೂತುಕೊಂಡು ಅಪ್ಪನಿಗೆ ಅವರ ಕಥೆಯನ್ನೇ ಹೇಳಿದೆ. ತೆಪ್ಪ, ಏಳು ಈಸ್ಟರ್, ತೋಳ, ಬಾಗಿಲು ಪರಚುವುದು, ಏನನ್ನೂ ಬಿಡಲಿಲ್ಲ. ಕೊನೆಯಲ್ಲಿ ಅಮ್ಮ ಬಾಗಿಲು ತೆಗೆದು ಮುಸುರೆ ನೀರು ಎರಚಿದಳು.

ಯಾರೂ ನಗಲಿಲ್ಲ.

ಎಲ್ಜೆಯಾರ್